ಹೆಬ್ಬಾತು ಬರೆದ ವೀರ

ಕಾನ್‌ಸ್ಟಾಂಟಿನೋಪಲ್ ಪಟ್ಟಣವನ್ನು ಎರಡು ತಲೆಯ ಹದ್ದು ಆಳುತ್ತಿದ್ದ ಕಾಲ. ಅದರ ಆಸ್ಥಾನದ ಇತಿಹಾಸಕಾರ ಒಂದು ಹೆಬ್ಬಾತು. ತನ್ನ ರೆಕ್ಕೆಯ ಗರಿಯನ್ನೇ ಕಿತ್ತು, ಗೂಬೆಗಳ ಜೊತೆ ನಡೆದ ಯುದ್ಧದ ಕಥೆ ಬರೆದು, ತುಂಬಿದ ಸಭೆಯಲ್ಲಿ ಓದತೊಡಗಿತು.

“ನಾನು ಮೂಢ, ನನ್ನ ಮಾತು ಒರಟು, ದೊಡ್ಡವರು ಕ್ಷಮಿಸಬೇಕು” ಅಂತ ಶುರು. ಆಹಾ ಎಂಥ ವಿನಯ ಅಂತ ಸಭೆ ತಲೆದೂಗಿತು. ಪುಟ ತಿರುಗಿಸಿದರೆ, “ಆಗ ಹೆಬ್ಬಾತು ವೀರನೊಬ್ಬ ಬಂದ. ಸುಂದರ, ಜ್ಞಾನಿ, ಮಹಾಶೂರ. ಒಬ್ಬನೇ ಗೂಬೆಗಳನ್ನೆಲ್ಲ ಓಡಿಸಿದ.”

ಆ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಕಾಗೆ ಕೇಳಿತು, “ಯಾರು ಗುರುಗಳೇ ಅವನು? ನಾನು ನೋಡಲೇ ಇಲ್ಲವಲ್ಲ.”

“ಯಾರೋ ಒಬ್ಬ. ಇತಿಹಾಸದಲ್ಲಿ ನಾನು ನಾನು ಅಂತ ಜಂಬ ಕೊಚ್ಚಬಾರದಪ್ಪ,” ಎಂದು ಹೆಬ್ಬಾತು ಕತ್ತು ನೀಳ ಮಾಡಿತು.

ಹದ್ದಿನ ಬಲದ ತಲೆ ಹೇಳಿತು, “ಒಳ್ಳೇದಾಯಿತು. ಗೂಬೆಗಳು ಮತ್ತೆ ಕೋಟೆ ಬಾಗಿಲಿಗೆ ಬಂದಿವೆ. ಆ ವೀರನನ್ನೇ ಮೊದಲು ಕಳಿಸಿ.”

ಹೆಬ್ಬಾತಿನ ಕತ್ತು ರೆಕ್ಕೆಯೊಳಗೆ ಹೋಯಿತು. “ಪ್ರಭು, ಅವನು ಆ ಯುದ್ಧದಲ್ಲೇ ಸತ್ತ. ಮುಂದಿನ ಪುಟದಲ್ಲಿದೆ,” ಎನ್ನುತ್ತಾ ಅವಸರವಾಗಿ ಗೀಚತೊಡಗಿತು.

“ಪ್ರಭು, ಹೆಣ ಇಲ್ಲೇ ಕೂತು ಬರೀತಾ ಇದೆ,” ಎಂದಿತು ಕಾಗೆ.

ಎಡದ ತಲೆ ಬಾಯಿ ಚಪ್ಪರಿಸಿತು. “ಬದುಕಿದ್ದರೆ ಕೋಟೆ ಬಾಗಿಲಿಗೆ, ಸತ್ತಿದ್ದರೆ ನಮ್ಮ ಅಡುಗೆಮನೆಗೆ. ಯಾವುದು ಬರೀತೀರಿ?”

ಹೆಬ್ಬಾತು ವೀರನಿದ್ದ ಹಾಳೆಯನ್ನೇ ಕಿತ್ತು ಗಬಕ್ಕನೆ ಬಾಯಿಗೆ ಹಾಕಿಕೊಂಡಿತು. ಕುರಿ ಚರ್ಮದ ಹಾಳೆ ಅದು, ಗಂಟಲಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು.

ಕಾಗೆ ಬೆನ್ನು ತಟ್ಟುತ್ತಾ ಹೇಳಿತು, “ನಿಧಾನ ಗುರುಗಳೇ. ಅಷ್ಟು ದೊಡ್ಡ ವೀರನನ್ನು ನುಂಗೋದು ಕಷ್ಟ.”