ಗಿಡ್ಡ ಪಿಸ್ತೂಲು ಆರಿಸಿದ ಮದ್ದು

ಗೇಣುದ್ದವೂ ಇಲ್ಲದ ನಳಿಗೆಯ ಪಿಸ್ತೂಲೊಂದಕ್ಕೆ ತೋಟಾ ತುಂಬುವ ಹೊತ್ತು ಬಂತು. ತೋಟಾದಲ್ಲಿ ಕೂರಬೇಕಿದ್ದ ಸೀಸದ ಗುಂಡು ಅಂಜುತ್ತಲೇ ಹೇಳಿತು: "ಒಡೆಯಾ, ಬೇಗ ಉರಿಯುವ ಮದ್ದನ್ನು ಕರೆಸು. ನಿನ್ನ ನಳಿಗೆ ಗಿಡ್ಡ. ನಿಧಾನದ ಮದ್ದು ಪೂರ್ತಿ ಹೊತ್ತಿಕೊಳ್ಳುವಷ್ಟರಲ್ಲಿ ನಾನು ಹೊರಗೆ ಬಿದ್ದಿರುತ್ತೇನೆ."

"ಉದ್ದ ಬಂದೂಕಿಗೆ ಹಾಕುವ ನಿಧಾನದ ಮದ್ದೇ ನನಗೂ ಬೇಕು. ನಾನೇನು ಅದಕ್ಕಿಂತ ಕಡಿಮೆಯೇ?" ಎಂದಿತು ಪಿಸ್ತೂಲು.

ನಿಧಾನದ ಮದ್ದಿಗೇ ಸಂಕೋಚವಾಯಿತು. "ನನಗೆ ಉರಿಯಲು ಉದ್ದನೆಯ ದಾರಿ ಬೇಕು, ಸ್ವಾಮಿ. ನಿಮ್ಮಲ್ಲಿ ಅದಿಲ್ಲ."

"ಬಾಯಿ ಮುಚ್ಚಿಕೊಂಡು ಒಳಗೆ ಬಾ."

ಮರುದಿನ ಕಾಡಂಚಿನಲ್ಲಿ ಹಂದಿಯೊಂದು ಪಿಸ್ತೂಲಿನ ಯಜಮಾನನ ಮೇಲೆ ನುಗ್ಗಿತು. ಪಿಸ್ತೂಲು ಸಿಡಿಯಿತು. ಮದ್ದಿನ ಬಹುಪಾಲು ನಳಿಗೆಯ ಹೊರಗೆ, ಗಾಳಿಯಲ್ಲಿ, ಮೊಳದುದ್ದದ ಬೆಂಕಿಯಾಗಿ ಉರಿದುಹೋಯಿತು. ಗುಂಡು ಸಿಕ್ಕಿದಷ್ಟು ಬಲದಲ್ಲೇ ಹಾರಿ, ಹಂದಿಯ ಚರ್ಮ ದಾಟಿ, ಕೊಬ್ಬಿನಲ್ಲಿ ನಿಂತುಬಿಟ್ಟಿತು. ಅಲ್ಲಿಂದಲೇ ಅದು ಯಜಮಾನನ ಕೂಗು ಕೇಳಿತು. ಆ ಕೂಗು ನಿಂತದ್ದನ್ನೂ ಕೇಳಿತು.

ಹೆಣ ಹೊರಲು ಬಂದವರು ಪಿಸ್ತೂಲನ್ನು ಎತ್ತಿ ಮಣ್ಣು ಒರೆಸಿದರು. "ಎಂಥ ಸದ್ದು! ಊರೇ ನಡುಗಿಹೋಯಿತು," ಎಂದು ಬೆರಗಾದರು.

"ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಗುಂಡೇ ಹೇಡಿ," ಎಂದಿತು ಪಿಸ್ತೂಲು.

ಅಲ್ಲವೆನ್ನಬೇಕಿದ್ದ ಗುಂಡು ಆಗಲೇ ಹಂದಿಯ ಮೈಯೊಳಗೆ ಕುಳಿತು ಕಾಡಿನಲ್ಲಿ ದೂರ ಹೋಗಿತ್ತು.