ನೋಡಿ ಓಡಿದ ಮರಿ

ಶಿಷ್ಯ ಕೇಳಿದ: "ಗುರುಗಳೇ, ನನ್ನ ತಮ್ಮ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಮೂಳೆ ಕೂಡಿದ ಮೇಲೂ ನೋವಿಗೆ ಹೆದರಿ ಏಳಲೊಲ್ಲ. ಗದರಿ, ಬೈದು, ಕೈಹಿಡಿದು ಎಳೆದು ನಾನೇ ಅವನನ್ನು ನಡೆಸಿದೆ. ಈಗ ನಾನು ಬಂದರೆ ಸಾಕು, ಎದ್ದು ಹೊರಟುಹೋಗುತ್ತಾನೆ. ನನ್ನ ಪ್ರೀತಿಯೆಲ್ಲ ದಂಡವಾಯಿತೇ?"

ಗುರುಗಳು ನಕ್ಕರು. "ಮೊದಲು ಆ ಗಂಟು ಮುಖ ಬಿಚ್ಚಿ ಕುಳಿತುಕೋ" ಎಂದು ಹೇಳತೊಡಗಿದರು.

ಒಬ್ಬ ಜಟಕಾ ಗಾಡಿಯವನ ಮನೆಯಲ್ಲಿ ಕುದುರೆ ಮರಿ ಹಾಕಿತು. ಮಕ್ಕಳಿಲ್ಲದ ಗಂಡ ಹೆಂಡತಿ. ಮರಿಯನ್ನು ಮುದ್ದು ಮಾಡಿ ಮಾಡಿ ಕೆಡಿಸಿದ್ದರು. ಒಂದು ದಿನ ಒಣಹುಲ್ಲು ಚುಚ್ಚಿ ಅದರ ಎಡಗಣ್ಣಿನಲ್ಲಿ ಹುಣ್ಣಾಯಿತು. ಎಳೆ ಮರಿ, ನೋವು ತೋರಿಸಲಿಲ್ಲ. ಇವರಿಗೆ ತಿಳಿಯುವ ಹೊತ್ತಿಗೆ ಕರಿಗುಡ್ಡೆಯ ಮೇಲೆ ಬಿಳಿ ಕವಿದಿತ್ತು.

ದನದ ಡಾಕ್ಟರು ನೋಡಿ, "ಹುಣ್ಣು ಆಳಕ್ಕೆ ಇಳಿದಿದೆ. ತೂತು ಬಿದ್ದರೆ ಕಣ್ಣು ಹೋದಂತೆಯೇ. ಹೊತ್ತು ಹೊತ್ತಿಗೆ ತಪ್ಪದೆ ಹನಿ ಹಾಕಬೇಕು" ಎಂದರು. ಔಷಧಿಯ ಜೊತೆಗೆ, ತಾಯಿ ಕುದುರೆಯ ರಕ್ತ ತೆಗೆದು, ಅದು ಹೆಪ್ಪುಗಟ್ಟಿದಾಗ ಮೇಲೆ ನಿಂತ ತಿಳಿನೀರನ್ನೂ ಹನಿಯಾಗಿ ಹಾಕಲು ಕೊಟ್ಟರು.

ಕುದುರೆ ಸಾಕುವವರಲ್ಲಿ ಒಂದು ರೂಢಿಯಿದೆ. ಸದ್ದಿಲ್ಲದೆ ಹೋದರೆ ಪ್ರಾಣಿ ಬೆಚ್ಚೀತೆಂದು, ದೂರದಿಂದಲೇ ಮಾತಾಡಿಸುತ್ತ ಹತ್ತಿರ ಹೋಗುತ್ತಾರೆ. ಇವನೂ "ಬಾ ಮಗಾ, ಬಾ" ಎನ್ನುತ್ತ ಹೋಗಿ, ಕುತ್ತಿಗೆ ಅವುಚಿ ಹಿಡಿದು ಉರಿಯುವ ಹನಿ ಹಾಕುತ್ತಿದ್ದ. ಹೆಂಡತಿ ಆಮೇಲೆ ಬೆಲ್ಲ ನೆಕ್ಕಿಸುತ್ತಿದ್ದಳು. ಬರಬರುತ್ತ ಮರಿ ಅವಳ ಸೆರಗು ಬಿಡದಾಯಿತು. ಅವನ ದನಿ ಕೇಳಿದರೆ ಕಾಲು ಕೀಳುತ್ತಿತ್ತು. ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೂ ಒಂದು ಸಲವೂ ಹನಿ ತಪ್ಪಿಸಲಿಲ್ಲ.

ಹುಣ್ಣು ಮಾಯಿತು, ಕಲೆ ಉಳಿಯಿತು. "ಈ ಕಣ್ಣು ಕಾಣುತ್ತದೋ ಇಲ್ಲವೋ, ನೀವೇ ನೋಡಿ ತಿಳಿಯಬೇಕು" ಎಂದರು ಡಾಕ್ಟರು. ತಿಳಿಯುವುದು ಹೇಗೆ? ಮರಿ ಓಡಿದರೆ ಅದು ಕಂಡು ಓಡಿದ್ದೋ, ದನಿ ಕೇಳಿ ಓಡಿದ್ದೋ?

ಮರುದಿನ ಮರಿ ಬಯಲಿನಲ್ಲಿ ನಿಂತಿತ್ತು. ಅವನು ಅಪ್ಪನ ಕಾಲದ ರೂಢಿ ಮುರಿದು, ಚಪ್ಪಲಿ ಬಿಟ್ಟು, ಬಾಯಿ ಬಿಗಿಹಿಡಿದು, ಅದರ ಬಲಗಣ್ಣಿಗೆ ಬೀಳದಂತೆ ಎಡಗಡೆಯಿಂದ ನಡೆದ. ಗಾಳಿ ಅವನ ಮುಖಕ್ಕೆ ಬೀಸುತ್ತಿತ್ತು. ಅವನ ವಾಸನೆಯೂ ಮರಿಗೆ ತಲುಪುವಂತಿರಲಿಲ್ಲ. ಇನ್ನೂ ಅರ್ಧ ಬಯಲು ಇರುವಾಗಲೇ ಮರಿ, ತಲೆ ಕೂಡ ತಿರುಗಿಸದೆ, ಬಾಲ ಎತ್ತಿ ಒಂದೇ ಓಟ ಓಡಿತು.

ಅವನು ಅಲ್ಲೇ ಕುಳಿತು ಅತ್ತ. ಹೆಂಡತಿ ಬಂದು ಸಮಾಧಾನ ಹೇಳಿದಳು: "ಹೋಗ್ಲಿ ಬಿಡಿ, ಇನ್ನೂ ಚಿಕ್ಕದು. ಒಂದಿನ ನಿಮ್ಮ ಹತ್ರಾನೂ ಬರತ್ತೆ."

"ಬರದಿದ್ರೆ ಬೇಡ ಕಣೇ" ಎಂದ ಅವನು, ನಗುತ್ತ ಕಣ್ಣೊರೆಸಿಕೊಂಡು. "ಅಷ್ಟು ದೂರದಿಂದ ನನ್ನ ನೋಡ್ತಲ್ಲ, ಅದೂ ಆ ಕಣ್ಣಲ್ಲಿ."

ಕತೆ ಮುಗಿಸಿ ಗುರುಗಳು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ತಮ್ಮ ಎದ್ದು ಹೋಗುವಾಗ ಕುಂಟುತ್ತಾನೆಯೇ?"

"ಇಲ್ಲ, ನೆಟ್ಟಗೆ ನಡೆಯುತ್ತಾನೆ" ಎಂದ ಶಿಷ್ಯ, ಮುಖದ ಗಂಟು ಬಿಚ್ಚಿ.