ಎಡಗಡೆ ಪುಟದ ಉಡ

ನೆಟ್ಟಗೆ ಕುಳಿತುಕೊಳ್ಳಿ, ಮಕ್ಕಳೇ. ಕತೆ ಕೇಳುವಾಗ ಕಾಲು ಅಲ್ಲಾಡಿಸಬಾರದು.

ಒಂದಾನೊಂದು ಊರಿನಲ್ಲಿ ಒಂದು ಕಾನ್ವೆಂಟ್ ಶಾಲೆ. ಆ ಶಾಲೆಯಲ್ಲಿ ಸಿಸ್ಟರ್ ಯುಲೇಲಿಯಾ ಇದ್ದರು. ಸಿಸ್ಟರ್ ಎಣಿಸಿದರೆ ಲೆಕ್ಕ ತಪ್ಪುತ್ತಿರಲಿಲ್ಲ. ಅವರು ಎಣಿಸಿ ಮುಗಿಸುವವರೆಗೆ ಹಾರುವ ಗಿಳಿಗಳೂ ಗಾಳಿಯಲ್ಲೇ ನಿಂತು ಕಾಯುತ್ತಿದ್ದವು.

ನಾನು ಆ ಶಾಲೆಯಲ್ಲಿ ಓದುತ್ತಿದ್ದಾಗ ಒಂದು ದಿನ ಸಿಸ್ಟರ್ ನಮ್ಮನ್ನು ಬಸ್ಸಿನಲ್ಲಿ ಬೆಟ್ಟದ ಕೋಟೆಗೆ ಕರೆದುಕೊಂಡು ಹೋದರು. ನಲವತ್ತು ಹುಡುಗಿಯರು. ಇಪ್ಪತ್ತು ಜೋಡಿ. ಕಡೆಯ ಜೋಡಿ ನಾನು ಮತ್ತು ಅಂಬುಜಾಕ್ಷಿ.

"ಜೋಡಿಯ ಕೈ ಬಿಡಬಾರದು. ಸಾಲಿನಲ್ಲಿ ಮಾತಾಡಬಾರದು. ಪ್ರಾಣಿಗಳನ್ನು ಎಡಗಡೆ ಪುಟದಲ್ಲಿ ಬರೆಯಿರಿ, ದೇಶದ ಚರಿತ್ರೆಯನ್ನು ಬಲಗಡೆ ಪುಟದಲ್ಲಿ. ಎರಡನ್ನೂ ಬೆರೆಸಬಾರದು" ಎಂದರು ಸಿಸ್ಟರ್.

ನವಿಲು ಬಂತು, ಎಡಗಡೆ ಬರೆದೆವು. ರಾಜನ ಸಿಂಹಾಸನ ಇದ್ದ ಕಟ್ಟೆ ಬಂತು, ಬಲಗಡೆ ಬರೆದೆವು. ಮುಂಗುಸಿ ಎಡಗಡೆ. ಬಿಳಿಯರ ದಂಡು ನೂರು ದಿನ ಹಾಕಿದ ಮುತ್ತಿಗೆ ಬಲಗಡೆ. ಆಗ ಗೋಡೆಯಿಂದ ಒಂದು ಉಡ ಇಳಿದು ಬಂತು.

"ನಮ್ಮಜ್ಜನ ಸೊಂಟಕ್ಕೆ ಹಗ್ಗ ಕಟ್ಟಿ ಸೈನಿಕರು ಈ ಕೋಟೆ ಹತ್ತಿದ್ರು. ನಾನ್ಯಾವ ಪುಟ, ತಾಯಿ?" ಎಂದಿತು ಉಡ.

ಅಂಬುಜಾಕ್ಷಿ ಕೈ ಎತ್ತಿದಳು. "ಸಿಸ್ಟರ್, ಇದು ಯಾವ ಪುಟ?"

"ಬಾಲ ಇದೆ. ಎಡಗಡೆ" ಎಂದು ಸಿಸ್ಟರ್ ಮುಂದೆ ನಡೆದರು.

ಉಡದ ಮುಖ ಚಿಕ್ಕದಾಯಿತು. ಬಾಗಿಲಲ್ಲಿದ್ದ ಹಳೇ ಫಿರಂಗಿಗೆ ಸಿಟ್ಟು ಬಂತು. "ನಿಮ್ಮ ಸಿಸ್ಟರ್‌ಗೆ ಏನು ಗೊತ್ತು? ನೂರು ದಿನದ ಕತೆ ನಾನು ಹೇಳ್ತೀನಿ, ಕೂತ್ಕೋ ಮಗಾ."

"ಕೂತರೆ ಲೆಕ್ಕ ತಪ್ಪುತ್ತೆ" ಎಂದಳು ಅಂಬುಜಾಕ್ಷಿ.

"ನಿನ್ನ ಜಾಗದಲ್ಲಿ ನಾನು ನಿಲ್ತೀನಿ. ನೀನು ಕತೆ ಕೇಳು. ನಾನು ಹುಟ್ಟಿದಾಗಿನಿಂದ ಅದನ್ನೇ ಕೇಳ್ತಾ ಇದ್ದೀನಿ. ಒಂದು ಸಲ ಬಸ್ಸಿನಲ್ಲಿ ಕೂರಬೇಕು" ಎಂದಿತು ಉಡ.

ಅಂಬುಜಾಕ್ಷಿ ನನ್ನ ಕೈ ಬಿಟ್ಟಳು. ಉಡ ನನ್ನ ಕೈ ಹಿಡಿಯಿತು. ಒರಟು ಕೈ, ಉದ್ದ ಉಗುರು. ನನಗೆ ಗೊತ್ತಾಯಿತು, ಮಕ್ಕಳೇ. ಆದರೆ ಸಾಲಿನಲ್ಲಿ ಮಾತಾಡಬಾರದಲ್ಲ, ಬಾಯಿ ಮುಚ್ಚಿಕೊಂಡು ನಡೆದೆ.

ಸಿಸ್ಟರ್ ಎಣಿಸಿದರು. ನಲವತ್ತು. ಬಸ್ಸು ಹೊರಟಿತು.

ಸಂಜೆ ಅಂಬುಜಾಕ್ಷಿಯ ತಾಯಿ ಬಂದರು. "ಸಿಸ್ಟರ್, ಇದು ನನ್ನ ಮಗಳಲ್ಲ. ಇದಕ್ಕೆ ಬಾಲ ಇದೆ."

"ಹೋದದ್ದು ನಲವತ್ತು. ಬಂದದ್ದು ನಲವತ್ತು. ಎಲ್ಲಿ ತಪ್ಪಿದೆ, ನೀವೇ ಹೇಳಿ."

ತಾಯಿ ಮೂರು ಸಲ ಎಣಿಸಿದರು. ಎಲ್ಲೂ ತಪ್ಪಿರಲಿಲ್ಲ. ಉಡವನ್ನು ಮನೆಗೆ ಕರೆದುಕೊಂಡು ಹೋಗಿ ಬಾಲಕ್ಕೆ ಎಣ್ಣೆ ಹಚ್ಚಿ ರಿಬ್ಬನ್ ಕಟ್ಟಿದರು. ಕಟ್ಟುತ್ತಾ ಅತ್ತರು.

ಉಡ ಚೆನ್ನಾಗಿ ಓದಿತು. ಚರಿತ್ರೆಯಲ್ಲಿ ತರಗತಿಗೇ ಮೊದಲು. ಸಾಲಿನಲ್ಲಿ ಮಾತಾಡದ ಹುಡುಗಿಗೆ ಕೊಡುವ ಪದಕ ಆ ವರ್ಷ ನನಗೆ ಬಂತು. ಅಗೋ, ಗೋಡೆಯ ಮೇಲಿದೆ.

ಮೂವತ್ತು ವರ್ಷ ಕಳೆಯಿತು. ನಾನೇ ಹೆಡ್‌ಮಿಸ್ಟ್ರೆಸ್ ಆದೆ. ನಲವತ್ತು ಹುಡುಗಿಯರನ್ನು ಜೋಡಿ ಮಾಡಿ ಅದೇ ಕೋಟೆಗೆ ಕರೆದುಕೊಂಡು ಹೋದೆ. ಫಿರಂಗಿಯ ಪಕ್ಕದಲ್ಲಿ ಅಂಬುಜಾಕ್ಷಿ ಕುಳಿತಿದ್ದಳು. ಅದೇ ಎರಡು ಜಡೆ, ಅದೇ ಬಿಳಿ ಕಾಲುಚೀಲ, ಅದೇ ಹತ್ತು ವರ್ಷ ವಯಸ್ಸು. ಫಿರಂಗಿ ಅರವತ್ತೊಂದನೇ ದಿನದ ಕತೆಗೆ ಬಂದಿತ್ತು.

"ಲೇ ವನಮಾಲಾ, ಎಷ್ಟು ಹೊತ್ತು ಮಾಡಿದೆಯೇ! ಬಸ್ಸು ಬಂತಾ?"

"ಬಂತು."

"ನನಗೆ ಜಾಗ ಇದೆಯಾ?"

ತಿರುಗಿ ನೋಡಿದೆ. ಇಪ್ಪತ್ತು ಜೋಡಿ, ನೆಟ್ಟಗೆ ನಿಂತಿದ್ದವು. ಇವಳು ಬಂದರೆ ನಲವತ್ತೊಂದು. ಒಬ್ಬಳಿಗೆ ಜೋಡಿ ಇರುವುದಿಲ್ಲ.

"ಜೋಡಿ ಇಲ್ಲವಲ್ಲ, ಅಂಬುಜಿ" ಎಂದೆ.

"ಹೋಗಲಿ ಬಿಡು. ಕತೆ ಇನ್ನೂ ಇದೆ" ಎಂದಳು.

ಎಣಿಸಿದೆ. ನಲವತ್ತು. ಬಸ್ಸು ಹೊರಟಿತು.

ಮಕ್ಕಳೇ, ನನ್ನ ಕೈ ಖಾಲಿ ಇತ್ತು. ಹುಡುಗಿಯರನ್ನು ಎಣಿಸಿದೆನೇ ಹೊರತು ನನ್ನನ್ನು ಎಣಿಸಲಿಲ್ಲ. ಅದು ನನಗೆ ಹೊಳೆದದ್ದು ಬಸ್ಸು ಬೆಟ್ಟ ಇಳಿದ ಮೇಲೆ.

ಆಮೇಲೆ ಏಳು ಸಲ ಹೋದೆ. ಫಿರಂಗಿ ಬಾಯಿ ಬಿಡಲಿಲ್ಲ. ಅಂಬುಜಾಕ್ಷಿ ಇರಲಿಲ್ಲ. ಕಲ್ಲಿನ ಮೇಲೆ ಅವಳ ನೋಟ್‌ಬುಕ್ ಮಾತ್ರ ಇತ್ತು. ಅದರಲ್ಲಿ ನವಿಲು, ರಾಜ, ಉಡ, ಮುತ್ತಿಗೆ ಎಲ್ಲ ಬೆರೆತು ಹೋಗಿದ್ದವು. ನನ್ನ ಹೆಸರನ್ನು ಹುಡುಕಿದೆ. ಎಡಗಡೆಯೂ ಇರಲಿಲ್ಲ, ಬಲಗಡೆಯೂ ಇರಲಿಲ್ಲ.

ಈ ಕತೆಯ ನೀತಿ: ಉಡ ಕೈ ಹಿಡಿದರೆ ಸಾಲಿನಲ್ಲಿದ್ದರೂ ಕೂಗಬೇಕು.

ಫಿರಂಗಿಯ ಕತೆ ಕೋಟೆಯಲ್ಲಿ ಉಳಿಯಿತು, ನನ್ನ ಕತೆ ನಿಮ್ಮ ಕಿವಿಯಲ್ಲಿ ಉಳಿಯಿತು. ಏಳಿ, ಊಟಕ್ಕೆ ಹೋಗಿ. ಇಬ್ಬಿಬ್ಬರಾಗಿ... ಬೇಡ. ಹೇಗೆ ಬೇಕೋ ಹಾಗೆ ಹೋಗಿ. ಗಲಾಟೆ ಮಾಡಿಕೊಂಡೇ ಹೋಗಿ.